ಹೊಗೆ ಹೋದ ದಿಕ್ಕು

ಮಗುವಿಗೆ ಆಗ ಇಪ್ಪತ್ತೆರಡು ದಿನ. ಹೆಸರು ಇನ್ನೂ ಇಟ್ಟಿರಲಿಲ್ಲ. ಮಗಳು ಸ್ಮಿತಾಳ ಬಾಣಂತನಕ್ಕೆಂದು ನಾನು ಮೈಸೂರಿನಿಂದ ಬಂದು ಒಂದು ತಿಂಗಳಾಗಿತ್ತು. ಅಳಿಯ ಸ್ವರೂಪ್ ಜರ್ಮನಿಯ ಶ್ವೀಬರ್ಡಿಂಗೆನ್ನಿನಲ್ಲಿ ಎಂಜಿನಿಯರ್. ಅಲ್ಲಿಂದ ತುಸು ದೂರದ ಹಳ್ಳಿಯಲ್ಲಿ ಅವರ ಬಾಡಿಗೆ ಮನೆ. ಅಡುಗೆಮನೆಗೂ ಹಜಾರಕ್ಕೂ ನಡುವೆ ಗೋಡೆಯಿಲ್ಲ. ಹಜಾರದ ಮೂಲೆಯಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆ, ಅದರ ತಲೆಯಿಂದ ಸೂರಿಗೆ ಹೋಗುವ ಕಪ್ಪು ಕೊಳವೆ. ಕೊಳವೆಗೆ ಅಂಟಿಸಿದ ಬಿಲ್ಲೆಯಲ್ಲಿ ಒಂದು ಮುಳ್ಳು. ಮುಳ್ಳು ಹಳದಿಯಲ್ಲಿದ್ದರೆ ಬಿಸಿ ಸಾಲದು, ಕಿತ್ತಳೆಯಲ್ಲಿದ್ದರೆ ಸರಿ, ಕೆಂಪಿಗೆ ಹೋದರೆ ಅತಿಯಾಯಿತು. ಬಾಗಿಲ ಕೆಳಗಿನ ಸರಳನ್ನು ಎಳೆದರೆ ಬೆಂಕಿಗೆ ಗಾಳಿ ಸಿಗುತ್ತದೆ, ತಳ್ಳಿದರೆ ಕಡಿಮೆಯಾಗುತ್ತದೆ.

ಓದು ನನಗೆ ಮೂರನೇ ಕ್ಲಾಸಿಗೇ ನಿಂತಿತ್ತು. ಆದರೆ ಹಾಸ್ಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಹುಡುಗರ ಸ್ನಾನಕ್ಕೆ ನೀರು ಕಾಯಿಸಿದವಳು ನಾನು. ಹಾಗಾಗಿ ಈ ಒಲೆಯೂ ನನ್ನ ಕೈಗೇ ಬಂತು.

ಹಿಂದಿನ ವಾರ ಚಿಮಣಿ ನೋಡುವವನು ಬಂದಿದ್ದ. ಮೈತುಂಬ ಕಪ್ಪು ಬಟ್ಟೆ. ಅವನನ್ನು ಮುಟ್ಟಿದರೆ ಅದೃಷ್ಟ ಬರುತ್ತದೆಂದು ಇಲ್ಲಿಯವರ ನಂಬಿಕೆಯಂತೆ.

"ನೀನೂ ಒಂದ್ಸಲ ಮುಟ್ಟಮ್ಮ," ಎಂದಳು ಸ್ಮಿತಾ.

"ಅವನ ಮಸಿ ನೋಡಿದ್ರೆ ನಾನು ಮೊದ್ಲು ಸೋಪು ಕೊಡ್ತೀನಿ," ಎಂದೆ.

ಅವನು ಒಂದು ಮಾತನ್ನು ಒತ್ತಿ ಹೇಳಿ ಹೋದ. ಅಡುಗೆಮನೆಯ ಫ್ಯಾನು ಮನೆಯೊಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಒಲೆ ಉರಿಯುವಾಗ ಅದನ್ನು ಹಾಕುವುದಾದರೆ ಕಿಟಕಿ ತೆರೆದಿರಲೇಬೇಕು. ಅದಕ್ಕೆಂದೇ ಕಿಟಕಿಗೆ ಒಂದು ಚಿಕ್ಕ ಮ್ಯಾಗ್ನೆಟ್ ಅಂಟಿಸಿದ್ದರು. ಕಿಟಕಿ ಮುಚ್ಚಿದರೆ ಫ್ಯಾನು ತಿರುಗುತ್ತಿರಲಿಲ್ಲ.

"ಬಾಣಂತಿ ಇರೋ ಮನೇಲಿ, ಈ ಚಳೀಲಿ ಕಿಟ್ಕಿ ತೆಗ್ದು ಅಡಿಗೆ ಮಾಡೋದಾ?" ಎಂದೆ ಅಳಿಯನಿಗೆ.

"ಅದು ರೂಲು, ಅತ್ತೆ."

"ರೂಲಿಗೆ ಶೀತ ಆಗಕಿಲ್ಲ ಅಳಿಯಂದ್ರೇ, ಮಗೀಗೆ ಆಯ್ತದೆ."

ಎರಡು ದಿನ ಅದನ್ನೇ ಹೇಳಿದೆ. ಮೂರನೆಯ ದಿನ ಆಫೀಸಿನಿಂದ ಬಂದವನೇ ಆ ಮ್ಯಾಗ್ನೆಟ್ಟನ್ನು ಕಿತ್ತು ಡ್ರಾಯರಿಗೆ ಹಾಕಿದ. "ಈಗ ಕಿಟಕಿ ಮುಚ್ಚಿದ್ರೂ ಫ್ಯಾನು ತೆಗೆದೇ ಇದೆ ಅಂದ್ಕೊಳುತ್ತೆ. ಮೈಸೂರು ಸೊಲ್ಯೂಷನ್," ಎಂದು ನಕ್ಕ. ನಾನೂ ನಕ್ಕೆ.

ಅಂದು ಮಂಗಳವಾರ. ಸ್ವರೂಪ್ ಕೆಲಸಕ್ಕೆ ಹೋಗಿದ್ದ. ಹೊರಗೆ ದಟ್ಟ ಮಂಜು, ಆದರೆ ಎಂದಿನ ಚಳಿಯಿಲ್ಲ. ಗಾಳಿ ಒಂದಿಷ್ಟೂ ಆಡುತ್ತಿರಲಿಲ್ಲ. ಮಗುವಿಗೆ ಎರೆದು, ತಾಯಿ ಮಗು ಇಬ್ಬರನ್ನೂ ಒಲೆಯ ಎದುರು ಮಂಚದಲ್ಲಿ ಮಲಗಿಸಿದೆ. ಕಟ್ಟಿಗೆ ಉರಿದು ಕೆಂಡವಾಗಿತ್ತು. ಕೆಂಡ ಬೇಗ ತೀರದಿರಲಿ ಎಂದು ಸರಳನ್ನು ಪೂರ್ತಿ ತಳ್ಳಿದೆ. ಹಂಡೆಯ ಒಲೆಯಲ್ಲಿ ಬೂದಿ ಮುಚ್ಚಿ ಕೆಂಡ ಉಳಿಸುತ್ತಿದ್ದ ಅಭ್ಯಾಸ. ಆಮೇಲೆ ಮೆಣಸು ಬೆಳ್ಳುಳ್ಳಿ ಸಾರಿಗೆ ಒಗ್ಗರಣೆ ಹಾಕಿದೆ. ಘಾಟು ಬಾಣಂತಿಗೆ ತಾಗಬಾರದೆಂದು ಫ್ಯಾನನ್ನು ಜೋರಾಗಿ ಬಿಟ್ಟವಳು ಆರಿಸಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಸ್ಮಿತಾ, "ಅಮ್ಮ, ತಲೆ ಸಿಡೀತಿದೆ. ವಾಂತಿ ಬರೋ ಹಂಗಾಗ್ತಿದೆ," ಎಂದಳು.

"ನಿದ್ದೆ ಸಾಲ್ದು ಕಣವ್ವ. ಒಸಿ ಮಲಿಕ್ಕೋ."

ನನ್ನ ತಲೆಯೂ ಭಾರವಾಗಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಮಗುವನ್ನು ಸ್ಮಿತಾಳ ಎದೆಗೆ ಹಿಡಿದರೆ ಬಾಯಿ ಹಾಕಲಿಲ್ಲ. ಕೆನ್ನೆ ತಟ್ಟಿದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿತು. ಬೆಳಿಗ್ಗೆ ಎರೆಯುವಾಗ ಊರಿಗೆಲ್ಲ ಕೇಳುವಂತೆ ಅತ್ತಿದ್ದ ಮಗು. ಹಿಂದಿನ ದಿನ ನಾಲ್ಕಾರು ಜನ ನೋಡಲು ಬಂದಿದ್ದರು. ದೃಷ್ಟಿಯೇ ಸರಿ ಎನ್ನಿಸಿತು.

ಒಣಮೆಣಸಿನಕಾಯಿ, ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು ಇಬ್ಬರಿಗೂ ಮೂರು ಸಲ ನಿವಾಳಿಸಿದೆ. ಒಲೆಯ ಗಾಜಿನ ಬಾಗಿಲು ತೆಗೆದು ಕೆಂಡದ ಮೇಲೆ ಹಾಕಿದೆ. ದೃಷ್ಟಿ ಇದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ನಾವು ನಂಬಿದವರು.

ಘಾಟು ಬಂತು. ಅಷ್ಟೂ ನನ್ನ ಮುಖಕ್ಕೇ ಬಂತು. ಕೊಳವೆಯೊಳಗೆ ಒಂದು ಎಳೆಯೂ ಏರಲಿಲ್ಲ. ಹೊಗೆ ಬಾಗಿಲಿಂದ ಹೊರಬಿದ್ದು, ಮಂಚವನ್ನು ಬಳಸಿಕೊಂಡು, ನೆಟ್ಟಗೆ ಅಡುಗೆಮನೆಯ ಫ್ಯಾನಿನ ಕಡೆ ನಡೆಯಿತು, ಯಾರೋ ದಾರ ಕಟ್ಟಿ ಎಳೆದ ಹಾಗೆ. ನಾನು ಕೆಮ್ಮಿದೆ. ಸ್ಮಿತಾ ಕೆಮ್ಮಿದಳು. ಮಗು ಕೆಮ್ಮಲಿಲ್ಲ, ಸೀನಲಿಲ್ಲ.

ಆಗ ನನಗೆ ನಮ್ಮ ಬೀದಿಯ ಗುರವ್ವ ನೆನಪಾದಳು. ನನಗೆ ಹತ್ತು ವರ್ಷವಿದ್ದಾಗಿನ ಮಾತು. ಬಾಣಂತಿ ಗುರವ್ವನ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ, ಗೋಣಿ ತಟ್ಟು ಸಿಕ್ಕಿಸಿದ್ದರು. ಬೆಳಿಗ್ಗೆ ತಾಯಿಯೂ ಏಳಲಿಲ್ಲ, ಮಗುವೂ ಏಳಲಿಲ್ಲ. ಗಾಳಿ ಸೋಕಿತು ಎಂದರು ಎಲ್ಲರೂ. ಚೊಂಬು ತರಲು ಆ ಕೋಣೆಗೆ ಹೋದ ನನ್ನ ತಲೆ ಹೀಗೇ ಭಾರವಾಗಿ, ಕಾಲು ಹೀಗೇ ಸೋತಿದ್ದವು. ಅಲ್ಲಿ ಗಾಳಿ ಸೋಕಿರಲಿಲ್ಲ. ಗಾಳಿಯೇ ಇರಲಿಲ್ಲ.

"ಏಳು ಸ್ಮಿತಾ. ಆಚೆಗೆ ನಡಿ."

"ಚಳಿ ಅಮ್ಮ..."

"ಇರ್ಲಿ. ಏಳು."

ಮಗುವನ್ನು ಸೆರಗಿನೊಳಗೆ ಅವುಚಿಕೊಂಡೆ. ಇನ್ನೊಂದು ಕೈಯಲ್ಲಿ ಅವಳ ರಟ್ಟೆ ಹಿಡಿದು ಎಳೆದೆ. ಹೊಸ್ತಿಲಲ್ಲಿ ಅವಳು ಕುಸಿದಳು. ಹಾಗೇ ಎಳೆದು ಮೆಟ್ಟಿಲ ಮೇಲೆ ಕೂರಿಸಿದೆ. ಇಪ್ಪತ್ತೆರಡು ದಿನ ಯಾವ ಗಾಳಿಯಿಂದ ಅವರನ್ನು ಕಾದಿದ್ದೆನೋ ಅದರಲ್ಲೇ ಮಗುವಿನ ಮುಖ ತೆರೆದು ಹಿಡಿದೆ. ಸ್ಮಿತಾ ತುರ್ತು ನಂಬರು ನೂರಹನ್ನೆರಡಕ್ಕೆ ಫೋನ್ ಮಾಡಿ ಜರ್ಮನ್‌ನಲ್ಲಿ ಏನೋ ಹೇಳಿದಳು. ಆಮೇಲೆ ನನ್ನ ಮುಖ ನೋಡಿ, "ಉಸಿರಾಡ್ತಿದ್ಯಾ ಅಮ್ಮ?" ಎಂದಳು.

"ಆಡ್ತದೆ," ಎಂದೆ. ನನ್ನ ಬೆರಳನ್ನು ಅದರ ಮೂಗಿನಿಂದ ತೆಗೆದಿರಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಪುಟ್ಟ ಮಾಸ್ಕ್ ಇಟ್ಟು ಆಕ್ಸಿಜನ್ ಬಿಟ್ಟರು. ಸ್ಮಿತಾಳಿಗೂ, ನನಗೂ. ರಕ್ತ ತೆಗೆದರು. ಸ್ವರೂಪ್ ಓಡಿ ಬಂದ. ಕೆಂಡದಿಂದ ಬರುವ, ವಾಸನೆಯಿಲ್ಲದ ವಿಷಗಾಳಿ ಇದು ಎಂದು ಡಾಕ್ಟರಮ್ಮ ಅವನಿಗೆ ಹೇಳಿದಳು. ಏನಾಯಿತು, ಎಷ್ಟು ಹೊತ್ತು ಮಗು ಅದನ್ನು ಕುಡಿದಿದೆ ಎಂದು ಕೇಳಿದಳು. ಅವನು ನನ್ನ ಹತ್ತಿರ ಬಂದು ಬಗ್ಗಿದ.

"ಒಲೆ ಹಳೇದು, ಈಗಷ್ಟೇ ಹೊಗೆ ಬಂತು ಅಂತ ಹೇಳಿಬಿಡ್ಲಾ ಅತ್ತೆ?"

"ಯಾಕೆ?"

"ಮ್ಯಾಗ್ನೆಟ್ ಕಿತ್ತಿದ್ದು ಗೊತ್ತಾದ್ರೆ ಯೂಗೆಂಡ್‌ಆಮ್ಟ್‌ನವ್ರು ಮನೆಗೆ ಬರ್ತಾರೆ. ಮಕ್ಕಳನ್ನ ಸರಿಯಾಗಿ ನೋಡ್ಕೊಳ್ದಿದ್ರೆ ಕರ್ಕೊಂಡು ಹೋಗೋ ಆಫೀಸು."

ಅವನ ತುಟಿ ಒಣಗಿತ್ತು. ನನಗೂ ಭಯವಾಯಿತು. ಆದರೆ ಡಾಕ್ಟರಮ್ಮ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಳು ಬರೆದದ್ದರ ಮೇಲೇ ಮಗುವಿಗೆ ಮುಂದಿನ ಔಷಧ.

ಮಾಸ್ಕನ್ನು ಸರಿಸಿ ಹೇಳಿದೆ: "ಎಷ್ಟು ಹೊತ್ತು ಅಂತ ಕೇಳ್ತಾವ್ರೆ. ಸುಳ್ಳು ಲೆಕ್ಕಕ್ಕೆ ಔಸ್ದಿ ಕೊಟ್ರೆ ಮಗೀಗೆ ಹೆಂಗೆ ಹತ್ತದೆ? ಬರೋರು ಬರ್ಲಿ. ಕಿಟ್ಕಿ ಮುಚ್ಸಿದ್ದು ನಾನು ಅನ್ನಿ."

"ಕಿತ್ತಿದ್ದು ನಾನು ಅಲ್ವಾ ಅತ್ತೆ."

"ಅದ್ನೂ ಹೇಳಿ."

ನಾನು ಬೆಳಗಿನಿಂದ ಒಂದೊಂದನ್ನೇ ನೆನೆದು ಹೇಳುತ್ತ ಹೋದೆ. ಮಗುವಿಗೆ ಎರೆದಾಗ ಪಕ್ಕದ ಚರ್ಚಿನ ಗಂಟೆ ಒಂಬತ್ತು ಹೊಡೆದಿತ್ತು. ಒಲೆಯ ಸರಳು ತಳ್ಳಿದ್ದು ಸ್ಮಿತಾ ಗಂಜಿ ಕುಡಿದ ಮೇಲೆ. ಒಗ್ಗರಣೆ ಹಾಕಿ ಫ್ಯಾನು ಬಿಟ್ಟಾಗ ಗಂಟೆ ಹತ್ತು ಹೊಡೆಯಿತು. ಮೆಣಸಿನಕಾಯಿ ಹಾಕುವಾಗ ಮುಳ್ಳು ಹಳದಿಗೆ ಇಳಿದಿತ್ತು. ಹೊರಗೆ ಬಂದು ಕೂತಾಗ ಹನ್ನೊಂದು ಹೊಡೆಯಿತು. ಸ್ವರೂಪ್ ಒಂದನ್ನೂ ಬಿಡದೆ ಹೇಳಿದ. ಡಾಕ್ಟರಮ್ಮ ಬರೆದುಕೊಂಡಳು, ಬೈಯಲಿಲ್ಲ. ಸುಮಾರು ಒಂದು ಗಂಟೆ ಎಂದರೆ ಕಡಿಮೆಯಲ್ಲ, ಮಗುವಿಗೆ ಆಕ್ಸಿಜನ್ ಇನ್ನೂ ಹೆಚ್ಚು ಹೊತ್ತು ಬೇಕು, ನಾಳೆಯವರೆಗೆ ಇಲ್ಲೇ ಇರಲಿ ಎಂದಳು.

"ಉಳಿಯುತ್ತಾ ಕೇಳಿ," ಎಂದೆ.

ಅವನು ಕೇಳಿದ. ಇನ್ನೊಂದು ಸಲ ರಕ್ತ ನೋಡಿ ಹೇಳುತ್ತೇನೆ ಎಂದಳಂತೆ.

ಮಧ್ಯಾಹ್ನವೆಲ್ಲ ಆ ಮಾತಿನ ಮೇಲೇ ಕೂತಿದ್ದೆವು. ಯಾರೂ ಯಾರನ್ನೂ ದೂರಲಿಲ್ಲ. ನಾಲ್ಕರ ಹೊತ್ತಿಗೆ ನರ್ಸ್ ಬಂದು ಮತ್ತೆ ರಕ್ತ ತೆಗೆಯಲು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿದಳು. ಮಗು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಮುಷ್ಟಿ ಬಿಗಿದು, ಮೈಯೆಲ್ಲ ಕೆಂಪಾಗಿ, ಮಾಸ್ಕನ್ನು ಒದರಿ, ಬೆಳಿಗ್ಗೆ ಎರೆಯುವಾಗಿನ ಹಾಗೇ ಚೀರಿತು. ನರ್ಸ್ ಸಮಾಧಾನ ಮಾಡಲು ಬಗ್ಗಿದಳು.

"ಅಳ್ಲಿ ಬಿಡಿ ಅಂತ ಹೇಳಿ," ಎಂದೆ ಅಳಿಯನಿಗೆ.

ಅವನು ಗೋಡೆಯ ಕಡೆ ತಿರುಗಿಕೊಂಡಿದ್ದ. ಸ್ಮಿತಾಳೇ ಹೇಳಿದಳು.