ಮೆಣಸಿನ ಗಿಡದ ಪಕ್ಕದ ಬಾಗಿಲು

ಲಿಫ್ಟು ಒಂಬತ್ತನೇ ಮಹಡಿಯಲ್ಲಿ ನಿಂತಿತು. ಗೆಕ್ ಹುವಾ ಹೊರಗೆ ಕಾಲಿಟ್ಟವಳೇ ನಿಂತುಬಿಟ್ಟಳು. ಪಕ್ಕದ ಮನೆ ರೊಕಿಯಾಳ ಮೆಣಸಿನ ಕುಂಡಗಳೇ ಇಲ್ಲ!

ನಲವತ್ತು ವರ್ಷ ಅವಳು ಮನೆ ನಂಬರ್ ನೋಡಿದವಳಲ್ಲ. ಮೆಣಸಿನ ಗಿಡ ದಾಟಿದರೆ ತನ್ನ ಬಾಗಿಲು, ಮುಗೀತು. ಬೆಳಿಗ್ಗೆ ಹೊರಟಾಗ ಇದ್ದವು. ಕಾರಿಡಾರಿನಲ್ಲಿ ಸಾಮಾನು ಇಡಬಾರದೆಂದು ಕಟ್ಟಡ ನೋಡಿಕೊಳ್ಳುವ ಆಫೀಸಿನವರು ಅಷ್ಟರಲ್ಲೇ ಬಂದು ಎಲ್ಲ ಬಾಚಿಕೊಂಡು ಹೋಗಿದ್ದರು. ಸಾಲದ್ದಕ್ಕೆ ಬಣ್ಣ ಬಳಿಯೋ ಪುಣ್ಯಾತ್ಮರು ನಂಬರ್ ಫಲಕ ಕಿತ್ತು, ಚೀನೀ ಹೊಸ ವರ್ಷಕ್ಕೆ ಅವಳು ಬಾಗಿಲಿಗೆ ಅಂಟಿಸಿದ್ದ ಕೆಂಪು ಕಾಗದವನ್ನೂ ಕೆರೆದಿದ್ದರು. ಹನ್ನೆರಡು ಬಾಗಿಲು, ಹನ್ನೆರಡೂ ಹಸಿರು.

ಹಿಂದೆ ಮಗಳು ಲೇ ಪೆಂಗ್ ಕೈಕಟ್ಟಿ ನಿಂತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು "ಇವತ್ತು ಯಾವ ವಾರ?" ಅಂದಾಗ ಅಮ್ಮ ತಬ್ಬಿಬ್ಬಾಗಿದ್ದೇ ತಡ, ದಾರಿಯಲ್ಲೇ ಷರತ್ತು ಹಾಕಿದ್ದಳು: ಮನೆ ಬಾಗಿಲು ಅಮ್ಮನೇ ಹುಡುಕಿದರೆ ಸರಿ, ಇಲ್ಲದಿದ್ದರೆ ಸೋಮವಾರ ವೃದ್ಧಾಶ್ರಮ.

"ನಡಿಯಮ್ಮ. ನಾನು ಬಾಯಿ ಬಿಡಲ್ಲ."

ಗೆಕ್ ಹುವಾ ಒಂದು ಬಾಗಿಲ ಮುಂದೆ ನಿಂತಳು. ಮುಂದೆ ಹೋದಳು. ವಾಪಸು ಬಂದಳು. ಬೀಗದ ಕೈ ಬೆವರಿಗೆ ಜಾರುತ್ತಿತ್ತು. ಆಶ್ರಮದಲ್ಲಿ ಬೆಳಗಾದರೆ 'ಅಕ್ಕಾ, ಕಾಫಿ ಆಯ್ತಾ?' ಅಂತ ರೊಕಿಯಾಳ ಹಾಗೆ ಗೋಡೆ ಬಡಿಯೋರು ಯಾರು? ಅಳು ಒತ್ತರಿಸಿ ಬಂತು.

"ಗೊತ್ತಾಗ್ತಿಲ್ಲ ಕಣೇ," ಎಂದಳು ಕೊನೆಗೆ. "ಗಿಡ ಇಲ್ಲ."

"ನೋಡಿದ್ಯಾ? ಇದನ್ನೇ ನಾನು ಬಡ್ಕೊಳ್ತಿರೋದು! ನಲವತ್ತು ವರ್ಷ ಇದ್ದ ಮನೆ!" ಲೇ ಪೆಂಗ್ ದಡದಡ ಹೋಗಿ ತನ್ನ ಬೀಗದ ಕೈಯನ್ನು ಒಂದು ಬಾಗಿಲಿಗೆ ತುರುಕಿದಳು. ತಿರುಗಲಿಲ್ಲ. ಒಳಗಿಂದ ಯಾವನೋ ಗಂಡಸು "ಯಾರ್ರೀ ಅದು?" ಎಂದು ಗದರಿದ. ಪಕ್ಕದ್ದಕ್ಕೆ ಹಾಕಿದಳು. ಅದೂ ಇಲ್ಲ. ಮುಖ ಕೆಂಪಗಾಯಿತು. ಅವಳೂ ಶಾಲೆಯಿಂದ ಆ ಗಿಡ ನೋಡಿಕೊಂಡೇ ಮನೆಗೆ ಬರುತ್ತಿದ್ದವಳು.

"ಆಶ್ರಮದಲ್ಲಿ ಎರಡು ಮಂಚ ಹೇಳಿಬಿಡು," ಎಂದಳು ಗೆಕ್ ಹುವಾ, ಕಣ್ಣೊರೆಸಿಕೊಳ್ಳುತ್ತಾ.

ಗಲಾಟೆಗೆ ಆಚೆ ಬಾಗಿಲು ತೆರೆಯಿತು. ರೊಕಿಯಾ! ಕಂಕುಳಲ್ಲಿ ಒಂದು ಕುಂಡ.

"ಅಕ್ಕಾ, ಇದೊಂದನ್ನ ಬಚ್ಚಲಲ್ಲಿ ಬಚ್ಚಿಟ್ಟಿದ್ದೆ. ಉಳಿದಿದ್ದನ್ನ ಆ ಹಾಳಾದೋರು ಹೊತ್ಕೊಂಡು ಹೋದ್ರು. ಹೊರಗಿಟ್ರೆ ದಂಡ ಅಂತೆ."

ಲೇ ಪೆಂಗ್ ರೊಕಿಯಾಳ ಕೈಯಿಂದ ಕುಂಡ ತೆಗೆದುಕೊಂಡು, ಎರಡು ಬಾಗಿಲ ನಡುವೆ, ಮೊದಲಿದ್ದ ಜಾಗದಲ್ಲೇ ಇಟ್ಟಳು.

"ದಂಡ ನನ್ನ ಹೆಸರಿಗೆ ಬರೀಲಿ, ಆಂಟಿ."

ಮತ್ತೆ ಹಿಂದೆ ಸರಿದು, ಬೀಗ ತೆಗೆಯಲು ಅಮ್ಮನಿಗೆ ದಾರಿ ಬಿಟ್ಟಳು.