ಶೇಡಬಾಳದ ಗಂಡುನಾಯಿ

ತಿಥಿಗೆ ಬಂದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಸುಗಂಧಾ ಎಂದಿನಂತೆ ನಾಯಿಗಳಿಗೆ ರೊಟ್ಟಿ ಹಾಕಿದಳು. ಗಂಡ ರಾಜಾರಾಮ ಸಾಯುವ ಮುನ್ನ, ತಮ್ಮ ಬೇಟೆನಾಯಿ ಚಂದ್ರಿಗೆ ಕೂಡಿಸಲೆಂದು ಶೇಡಬಾಳದ ಅಣ್ಣಾಸಾಬನ ಗಂಡುನಾಯಿಯನ್ನು ಕೇಳಿ ತಂದಿದ್ದ. ಎರಡೂ ಒಂದೇ ಸೂಲಿನ ಮರಿಗಳು. ಚಂದ್ರಿ ಈಗ ಬೆದೆಗೆ ಬಂದಿತ್ತು.

“ಇವತ್ತ ಕೂಡಿಸೂಣವಾ. ನನ್ನ ಮಗನ ಕಡೀ ಆಸೆ,” ಎಂದ ಮಾವ ಭೀಮಸಿ. “ಹೊರಗಿನ ರಕ್ತ ಬಂದ್ರ ತಳಿ ಕೆಡತೈತಿ.”

“ಹ್ವಾದ ವರ್ಷ ಇವನ್ನ ಕೂಡಿಸಿದಾಗ ಮರಿ ಕಣ್ಣ ತೆರೆದ ಮ್ಯಾಲೂ ಕುರುಡನ ಉಳದ್ವಲ್ರಿ.”

“ದೇವರಿಚ್ಛಾ ಅದು.”

“ಅಲ್ರಿ ಮಾವ. ಎರಡರ ರಕ್ತದಾಗೂ ಒಂದ ದೋಷ ಐತಿ.”

“ಅಂವಾ ಇದ್ದಾಗ ಯಾಕ ಹೇಳಲಿಲ್ಲ?”

“ಹೇಳಿದ್ನಿರಿ. ಕಾಲೇಜ ಕಲತಾಕಿ ನಾಯಿಗೂ ಗೋತ್ರ ಕೇಳ್ತಾಳ ಅಂತ ನಕ್ರು.”

ಭೀಮಸಿಗೂ ನಗು ಬಂತು; ಆಮೇಲೆ ಕಣ್ಣೊರೆಸಿಕೊಂಡ. ಸುಗಂಧಾಳಿಗೆ ಅಳು ಬರಲಿಲ್ಲ. ಅವಳು ಗಂಡುನಾಯಿಯನ್ನು ಶೇಡಬಾಳಕ್ಕೆ ನಡೆಸಿಕೊಂಡು ಹೋಗಿ, ಅಣ್ಣಾಸಾಬನ ಕೈಗೆ ಹಗ್ಗ ಕೊಟ್ಟಳು.

“ಕೂಡಿಸಿದ್ರೇನವಾ?”

“ಇಲ್ರಿ,” ಎಂದಳು.