ಹಿಟ್ಟಿನಂಥ ಮಣ್ಣು

ನಾನೊಂದು ರೋಟವೇಟರ್. ಟ್ರ್ಯಾಕ್ಟರಿನ ಹಿಂದೆ ತಿರುಗುತ್ತ ಮಣ್ಣನ್ನು ಪುಡಿ ಮಾಡುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಕಬ್ಬಿಣ ಕಾಯಿಸಿ, ಬಾಗಿಸಿ, ನನಗೆ ಬ್ಲೇಡುಗಳನ್ನು ಕೊಟ್ಟರು, ಕೆಂಪು ಬಣ್ಣ ಬಳಿದರು. ಬುದ್ಧಿ ಕೊಡಲಿಲ್ಲ. ನನ್ನನ್ನು ಕೊಂಡ ಗುರುಪಾದಪ್ಪನಿಗೂ ಅದನ್ನು ಯಾರೂ ಕೊಟ್ಟಿರಲಿಲ್ಲವೆಂದು, ಮುಧೋಳದ ಹತ್ತಿರದ ಅವನ ಕಬ್ಬಿನ ಹೊಲಕ್ಕೆ ಬಂದ ಮೇಲೆ ತಿಳಿಯಿತು.

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ಆ ಕಡೆ ರವದಿ ಎನ್ನುತ್ತಾರೆ. ಗುರುಪಾದಪ್ಪ ಪ್ರತಿ ವರ್ಷ ಅದಕ್ಕೆ ಬೆಂಕಿ ಹಚ್ಚಿ ಊರನ್ನೆಲ್ಲ ಕೆಮ್ಮಿಸುತ್ತಿದ್ದ. ಆಮೇಲೆ ನನ್ನನ್ನು ಓಡಿಸುತ್ತಿದ್ದ, ಒಂದು ಸಲ ಸಾಕಾಗುವ ಕಡೆ ಮೂರು ಸಲ. ಎರೆಹುಳುಗಳು ತುಂಡಾಗುತ್ತಿದ್ದವು. ಅವನು ಪುಡಿಮಣ್ಣನ್ನು ಅಂಗೈಯಲ್ಲಿ ಹಿಡಿದು, "ನೋಡ್ರಿ, ಸಾಣಿಸಿದ ಹಿಟ್ಟು!" ಎಂದು ದಾರಿಯಲ್ಲಿ ಹೋಗುವವರಿಗೆ ತೋರಿಸುತ್ತಿದ್ದ. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾದರೆ ಆಕಾಶವನ್ನು ಬೈಯುತ್ತಿದ್ದ.

ಮಳೆಯೂ ಬದಲಾಗಿತ್ತು. ವಾರಗಟ್ಟಲೆ ಜಿಟಿಜಿಟಿ ಸುರಿಯುತ್ತಿದ್ದದ್ದು ಈಗ ಒಂದೇ ಮಧ್ಯಾಹ್ನ ಸುರಿದು ಹೋಗುತ್ತಿತ್ತು. ಒಂದು ವರ್ಷ ಹಾಗೆ ಬಂದ ಮಳೆ, ಆಗಷ್ಟೇ ನಾನು ಪುಡಿ ಮಾಡಿದ್ದ ಹೊಲದ ಮಣ್ಣನ್ನೆಲ್ಲ ಹಳ್ಳಕ್ಕೆ ಒಯ್ದಿತು.

"ಸರಕಾರ ಏನ್ ಮಾಡಾಕತ್ತೈತಿ?" ಎಂದು ಗುರುಪಾದಪ್ಪ ಬದುವಿನ ಮೇಲೆ ನಿಂತು ಕೂಗಿದ.

"ಹೊಲಾ ಹಿಟ್ಟು ಮಾಡಿದವರು ನೀವೋ, ಸರಕಾರನೋ?" ಎಂದಳು ಅವನ ಹೆಂಡತಿ ಕಾಶವ್ವ.

"ನಿನಗೇನ್ ತಿಳೀತೈತಿ? ಮನೀಗೆ ನಡಿ."

ಮುಂದಿನ ಕಟಾವಿನ ನಂತರ ಅವನು ಕಡ್ಡಿಪೆಟ್ಟಿಗೆ ಹಿಡಿದು ಬಂದಾಗ ಕಾಶವ್ವ ರವದಿಯ ನಡುವೆ ಕೂತಿದ್ದಳು.

"ಮೊದಲು ನನಗ ಹಚ್ಚ್ರಿ. ಆಮ್ಯಾಲೆ ಇದಕ್ಕ."

ಜನ ಸೇರಿದರು. ಅವನು ಹೆದರಿದ್ದು ಹೆಂಡತಿ ಸುಟ್ಟುಹೋದಾಳೆಂದಲ್ಲ, ಜನ ನಕ್ಕಾರೆಂದು. ಕಡ್ಡಿಪೆಟ್ಟಿಗೆ ಎಸೆದು ಹೋದ. ಅವಳು ರವದಿಯನ್ನು ಸಾಲುಗಳ ನಡುವೆ ಹಾಸಿದಳು. ಕಡಿದ ಬುಡಗಳೇ ಮತ್ತೆ ಚಿಗುರಿದವು. ಆ ಬೇಸಿಗೆ ಕಾಲುವೆ ನೀರು ತಡವಾಯಿತು. ಸುತ್ತಲಿನ ಕಬ್ಬು ಬಾಡಿದರೂ, ರವದಿಯ ಕೆಳಗೆ ತೇವ ಉಳಿದು ಅವಳದು ಹಸಿರಾಗಿಯೇ ಇತ್ತು.

ಗುರುಪಾದಪ್ಪ ಚಹಾದಂಗಡಿಯಲ್ಲಿ ಭಾಷಣ ಶುರು ಮಾಡಿದ: "ಹವಾಮಾನ ಬದಲಾಗೈತಿ. ನಾವೂ ಬದಲಾಗಬೇಕಂತ ನಾನಽ ವಿಚಾರ ಮಾಡಿದೆ." ತನ್ನ ಹೊಲಕ್ಕೆ ಬೇಡವಾದ ನನ್ನನ್ನು ಊರವರಿಗೆ ಬಾಡಿಗೆಗೆ ಕೊಡತೊಡಗಿದ.

"ನಿಮ್ಮ ಹೊಲಕ್ಕ ಬ್ಯಾಡಾದದ್ದು ನಮ್ಮ ಹೊಲಕ್ಕ ಯಾಕ್ರಿ?" ಎಂದು ದುಂಡಪ್ಪನೆಂಬವನು ಒಮ್ಮೆ ಮನೆಯಂಗಳಕ್ಕೇ ಬಂದು ಕೇಳಿದ.

"ನಿಮ್ಮ ಮಣ್ಣು ಬ್ಯಾರೆ" ಎಂದ ಈ ಮಹಾನುಭಾವ.

ಕಾಶವ್ವ ಬಾಗಿಲಲ್ಲೇ ಇದ್ದಳು. ಮರುದಿನ ಅವನು ಸಂತೆಗೆ ಹೋದಾಗ, ನನ್ನನ್ನು ಟ್ರ್ಯಾಕ್ಟರಿಗೆ ಜೋಡಿಸುವ ಶಾಫ್ಟನ್ನು ಗುಜರಿಯವನಿಗೆ ಕೊಟ್ಟು ಅಡುಗೆಗೊಂದು ಪಾತೆಲಿ ತೆಗೆದುಕೊಂಡಳು.

ಅಂದಿನಿಂದ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ದುಃಖವಿಲ್ಲ. ಎರೆಹುಳುಗಳು ನನ್ನ ಕೆಳಗೇ ಮನೆ ಮಾಡಿಕೊಂಡಿವೆ. ಗುರುಪಾದಪ್ಪ ಇನ್ನೂ ಶಾಫ್ಟು ಹುಡುಕುತ್ತಿದ್ದಾನೆ. ಊರಲ್ಲಿ ಎಲ್ಲರನ್ನೂ ಕೇಳಿಯಾಯಿತು. ಹೆಂಡತಿಯನ್ನು ಮಾತ್ರ ಕೇಳಿಲ್ಲ. ಅವಳನ್ನು ಏನಾದರೂ ಕೇಳಬಹುದೆಂಬುದು ಅವನಿಗೆ ಎಂದೂ ಹೊಳೆದದ್ದಿಲ್ಲ.